ಮಿತ್ಸ್ಪಾ ಮತ್ತು ಮೂರು ಚುಕ್ಕೆ

ಸೊಲ್ಲಾಪುರ ರಸ್ತೆ, ವಿಜಯಪುರ
ಮಹಾನವಮಿ ಮುಗಿದ ಮಂಗಳವಾರ

ಚಿರಂಜೀವಿ ಅರುಣಕುಮಾರ ಅವರಿಗೆ, ನಿಮ್ಮ ಮಾವ ಶಿವಯೋಗೆಪ್ಪ ಬರೆಯುವುದು.

ಇಲ್ಲಿ ನಾವೆಲ್ಲ ಆರಾಮ ಎಂದು ಬರೆದರೆ ಮೊದಲ ಸಾಲಿಗೇ ಸುಳ್ಳು ಬರೆದಂತಾಗುತ್ತದೆ. ನಾನು ಆರಾಮ ಇಲ್ಲ. ನಿಮ್ಮ ಅತ್ತೆ ಕಾಶಿಬಾಯಿ ನನ್ನ ಜೊತೆ ಊಟಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಫೋನ್ ಮಾಡಿದರೆ ನೀವು ಎತ್ತುತ್ತೀರಿ. "ಆರಾಮ ಅದೇವ್ರಿ ಮಾವಾರ, ಐಶ್ವರ್ಯ ಮಲಗ್ಯಾಳ, ಎದ್ದ ಮ್ಯಾಲ ಹೇಳ್ತೇನ್ರಿ" ಎನ್ನುತ್ತೀರಿ. ಐದು ತಿಂಗಳಿಂದ ನಾನು ಫೋನ್ ಮಾಡಿದಾಗಲೆಲ್ಲ ನನ್ನ ಮಗಳು ಮಲಗಿಯೇ ಇದ್ದಾಳೆ. ಅದನ್ನು ನಂಬುವಷ್ಟು ದಡ್ಡ ನಾನಲ್ಲ. ನಂಬಿದವನ ಹಾಗೆ ಫೋನ್ ಇಡುತ್ತೇನೆ, ಅಷ್ಟೇ.

ಅದಕ್ಕೇ ಈ ಕಾಗದ. ಇದನ್ನು ನಿಮ್ಮ ಅತ್ತೆಯ ಅಣ್ಣ, ತೊರವಿಯ ಸಂಗನಬಸವನ ಕೈಯಲ್ಲಿ ಒಂದು ಚೀಲದ ಸಮೇತ ಕಳಿಸುತ್ತಿದ್ದೇನೆ. ಲಕೋಟೆಯ ಅಂಟು ಬಿಡಿಸಿ ಮತ್ತೆ ಹಚ್ಚಿದಂತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಅವನಿಗೆ ಮಂದಿಯ ಕಾಗದ ಓದುವ ಚಟ ಇದೆ. ಈ ಸಾಲು ಬರೆದ ಮೇಲೆ ಹೊಡೆದುಹಾಕಬೇಕು ಅನ್ನಿಸಿತು. ಹಾಕಲಿಲ್ಲ. ನಾನು ಎಂಥವನು ಎಂದು ನಿಮಗೆ ಗೊತ್ತೇ ಇದೆ, ಬೇರೆಯವನ ಹಾಗೆ ನಟಿಸಿ ಬರೆದರೆ ನೀವೂ ನಂಬುವುದಿಲ್ಲ.

ಮೂವತ್ತೆರಡು ವರ್ಷದಿಂದ ನಾನು ಕಲ್ಲಿನ ಮೇಲೆ ಹೆಸರು ಕೆತ್ತುತ್ತಿದ್ದೇನೆ. ಹೊಸ ಮನೆಗಳ ಹೆಸರು, ಗುಡಿಗೆ ದಾನ ಕೊಟ್ಟವರ ಹೆಸರು, ತೀರಿಕೊಂಡವರ ಹೆಸರು. ಕಲ್ಲಿನ ಕೆಲಸ ಇಲ್ಲದ ದಿನ ಭಾಂಡಿ ಪಾತ್ರೆಗಳ ಮೇಲೆ ಹೆಸರು ಹೊಡೆಯುತ್ತೇನೆ. ಕಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಅದು ಗೋಡೆಗೆ ಕೂತು ಜನ್ಮಪೂರ್ತಿ ನನ್ನನ್ನು ನೋಡುತ್ತಿರುತ್ತದೆ. ಹೀಗಾಗಿ ಚೀಟಿಯಲ್ಲಿ ಬರೆದು ತಂದದ್ದನ್ನು ನಾನು ನಂಬುವುದಿಲ್ಲ. ಹೆಸರನ್ನು ಮೂರು ಸಲ ಅವರ ಬಾಯಿಂದ ಹೇಳಿಸುತ್ತೇನೆ, ಮೂರು ಸಲ ನಾನು ಹೇಳುತ್ತೇನೆ, ಆಮೇಲೆ ಅರ್ಥ ಕೇಳುತ್ತೇನೆ. ಬಾಯಲ್ಲಿ ಹೊರಳದ, ಅರ್ಥ ತಿಳಿಯದ ಹೆಸರಿಗೆ ಉಳಿ ಹಚ್ಚುವುದಿಲ್ಲ. ಹಿಂದಿನಿಂದ ಎಲ್ಲರೂ ನನ್ನನ್ನು ದೀಡ ಶಾಣ್ಯಾ, ಒಂದೂವರೆ ಬುದ್ಧಿಯವನು ಎನ್ನುತ್ತಾರೆ. ಅನ್ನಲಿ. ನನ್ನ ಕಲ್ಲುಗಳಲ್ಲಿ ತಪ್ಪಿಲ್ಲ.

ತೊಂದರೆ ಏನೆಂದರೆ, ಅಂಗಡಿಯಲ್ಲಿ ಕಲಿತ ಈ ಬುದ್ಧಿಯನ್ನು ನಾನು ಬಾಗಿಲು ಹಾಕಿಕೊಂಡು ಬರುವಾಗ ಅಲ್ಲೇ ಬಿಟ್ಟು ಬರಲಿಲ್ಲ.

ನೀವು ಹೆಣ್ಣು ನೋಡಲು ಬಂದ ದಿನ ಚೂಡಾ ತಿಂದು, ತಟ್ಟೆಯನ್ನು ನೀವೇ ಒಳಗೆ ಇಟ್ಟು ಬಂದಿರಿ. ಎಂಥ ಒಳ್ಳೆಯ ಹುಡುಗ ಎಂದು ಎಲ್ಲರೂ ಹೊಗಳಿದರು. ಒಳಗೆ ಹೋಗಿ ಇವನು ಏನು ನೋಡಿಕೊಂಡು ಬಂದ ಎಂದು ನನಗೆ ಸಂಶಯ ಬಂತು. ನಿಶ್ಚಯವಾದ ಮೇಲೆ ನಿಮ್ಮ ಶೆಡ್ಡಿನ ಒಣದ್ರಾಕ್ಷಿ ಒಂದು ಪೆಟ್ಟಿಗೆ ಕಳಿಸಿದಿರಿ. ಮೇಲಿನ ಕಾಳು ಬಂಗಾರದ ಬಣ್ಣ. ನಾನು ಪೆಟ್ಟಿಗೆಯನ್ನು ಪೂರ್ತಿ ಪೇಪರಿನ ಮೇಲೆ ಸುರುವಿ ತಳದ ಕಾಳು ನೋಡಿದೆ. ತಳದವೂ ಹಾಗೇ ಇದ್ದವು. ಬೇರೆ ಯಾರಿಗಾದರೂ ಸಮಾಧಾನ ಆಗುತ್ತಿತ್ತು. ಈ ಮಾವ ತಳ ನೋಡುತ್ತಾನೆ ಎಂದು ಇವನಿಗೆ ಮೊದಲೇ ಯಾರು ಹೇಳಿಕೊಟ್ಟರು ಎಂದು ನಾನು ಯೋಚಿಸುತ್ತ ಕೂತೆ. ಹೋದ ವರ್ಷ ನಾಗರ ಪಂಚಮಿಗೆ ಐಶ್ವರ್ಯ ತವರಿಗೆ ಬರಲಿಲ್ಲ. ಜ್ವರ ಬಂದಿದೆ ಎಂದು ನೀವು ಫೋನಿನಲ್ಲಿ ಹೇಳಿದಿರಿ. ನೀವೇ ಕಳಿಸಲಿಲ್ಲ ಎಂದು ನಾನು ಅಂದೇ ಖಾತ್ರಿ ಮಾಡಿಕೊಂಡೆ. ಜೋಕಾಲಿ ಕಟ್ಟಿದ ಹಗ್ಗವನ್ನು ಸಿಟ್ಟಿನಿಂದ ಬಿಚ್ಚಿ ಎಸೆದೆ.

ಇನ್ನು ಭಾಂಡಿಗಳ ವಿಷಯ. ಮಗಳ ಮದುವೆಗೆ ಕೊಡುವ ಭಾಂಡಿಗಳ ಮೇಲೆ ಹೆಸರು ಹೊಡೆಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ನಾನು ಒಂದೊಂದನ್ನೂ ಮಡಿಲಲ್ಲಿ ಇಟ್ಟುಕೊಂಡು, "ಚಿ. ಸೌ. ಐಶ್ವರ್ಯಳಿಗೆ ತಂದೆ ಶಿವಯೋಗೆಪ್ಪನಿಂದ" ಎಂದು ನನ್ನ ಕೈಯಾರೆ ಹೊಡೆದೆ. ಚಮಚವನ್ನೂ ಬಿಡಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೆಸರು ಉಜ್ಜಿ ತೆಗೆಯಲು ಬರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಳೆಯ ಭಾಂಡಿ ತಂದು ಹೆಸರು ತೆಗೆಸಿ ಹೊಸ ಹೆಸರು ಹಾಕಿಸಿಕೊಂಡು ಹೋಗುವವರಿಗೆ ನಾನೇ ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ಅದಕ್ಕೆ ಯಾರಿಗೂ ಹೇಳದೆ, ಪ್ರತಿಯೊಂದರ ತಳದಲ್ಲಿ ಮೂರು ಚುಕ್ಕೆ ಹೊಡೆದೆ, ಒಲೆಯ ಮೂರು ಕಲ್ಲಿನ ಹಾಗೆ. ನಾಳೆ ಏನಾದರೂ ಆದರೆ ನನ್ನ ಭಾಂಡಿ ನನಗೆ ಗುರುತು ಸಿಗಬೇಕು. ಮಗಳನ್ನು ಅತ್ತೆಯ ಮನೆಗೆ ಕಳಿಸುವ ವಾರದಲ್ಲಿ ಒಬ್ಬ ತಂದೆ ಮಾಡಿದ ಕೆಲಸ ಇದು.

ವೈಶಾಖದಲ್ಲಿ ಬಬಲೇಶ್ವರದ ಒಂದು ಕಲ್ಯಾಣ ಮಂಟಪಕ್ಕೆ ದಾನಿಗಳ ಕಲ್ಲು ಕೂಡಿಸಲು ಹೋಗಿದ್ದೆ. ಒಳಗೆ ಯಾರದೋ ಮದುವೆ ನಡೆದಿತ್ತು. ಕೆಲಸ ಮುಗಿದ ಮೇಲೆ "ಹಂಗ ಹೋಗಬ್ಯಾಡ್ರಿ, ಉಂಡು ಹೋಗ್ರಿ" ಎಂದು ಎಳೆದು ಕೂಡಿಸಿದರು. ಗೋಧಿ ಹುಗ್ಗಿ ಬಡಿಸುವವನು ನನ್ನ ಮುಂದೆ ಬಗ್ಗಿದ. ಅವನ ಕೈಯಲ್ಲಿ ಒಂದು ಸ್ಟೀಲಿನ ಪರಾತ, ಹಿಟ್ಟು ನಾದುವ ಅಗಲ ತಾಟು. ಅದರ ಅಂಚಿನಲ್ಲಿ ಗೀತಾಂಜಲಿ ಎಂದು ಹೊಸದಾಗಿ ಹೊಡೆದ ಹೆಸರು, ಹೆಸರಿನ ಕೆಳಗೆ ಉಜ್ಜಿದ ಜಾಗ. ಬೇರೆಯವರಿಗೆ ಅದು ಬರೀ ಹೊಳಪು. ನನ್ನ ಕಣ್ಣು ಮೂವತ್ತೆರಡು ವರ್ಷದಿಂದ ಅದನ್ನೇ ನೋಡಿದೆ. ಹುಗ್ಗಿ ಅಲ್ಲೇ ಬಿಟ್ಟು ಎದ್ದೆ. ಭಾಂಡಿ ತೊಳೆಯುವ ಕಡೆ ಹೋಗಿ ಪರಾತವನ್ನು ತಿರುವಿ ನೋಡಿದೆ. ಮೂರು ಚುಕ್ಕೆ.

ತೊಳೆಯುತ್ತಿದ್ದ ಹೆಂಗಸನ್ನು ಯಾರದು ಇದು ಎಂದು ಕೇಳಿದೆ. "ಹೆಣ್ಣಿನವರ ಕಡಿಂದ ಬಂದದ್ದರಿ, ತಿಕೋಟಾದಿಂದ" ಎಂದಳು. ತಿಕೋಟಾ ಎಂದರೆ ನಿಮ್ಮ ಊರು, ಇಷ್ಟೇ ಸಾಕಾಯಿತು. ಮುಂದಿನದೆಲ್ಲ ನಾನೇ ಮನಸ್ಸಿನಲ್ಲಿ ಕೆತ್ತಿಕೊಂಡೆ. ಮಾರಿದ್ದಾರೆ, ಹೆಸರು ಉಜ್ಜಿಸಿ ಮಾರಿದ್ದಾರೆ, ಮಗಳು ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳೆ. ಬಬಲೇಶ್ವರದಿಂದ ಮೋಟಾರ್ ಸೈಕಲ್ ನೇರವಾಗಿ ತಿಕೋಟಾಕ್ಕೆ ಬಿಟ್ಟೆ. ಮೂರು ಸಲ ಹೇಳಿಸಿ ಕೇಳುವ ನನ್ನ ನೇಮ ಆ ದಿನ ಎಲ್ಲಿ ಹೋಗಿತ್ತೋ.

ನಿಮ್ಮ ಅಂಗಳದಲ್ಲಿ ನಿಂತು ನಾನು ಆಡಿದ ಮೊದಲ ಮಾತು ನಿಮಗೆ ನೆನಪಿರಬೇಕು. ನನಗಂತೂ ಮರೆಯಲು ಆಗುತ್ತಿಲ್ಲ. "ನನ್ನ ಮಗಳ ಭಾಂಡಿ ಮಾರಿ ತಿನ್ನೂ ಹಂತಾ ಬರ ಬಂದೈತೇನು ನಿಮ್ಮ ಮನಿಗೆ?" ಶೆಡ್ಡಿನ ಹೆಣ್ಣಾಳುಗಳು ಕೆಲಸ ಬಿಟ್ಟು ನೋಡಿದರು. ನಿಮ್ಮ ತಂದೆ ಬಸಗೊಂಡಪ್ಪನವರು ಎದ್ದು, "ಬೀಗರ, ಮೊದ್ಲ ನೀರ ಕುಡೀರಿ, ಆಮ್ಯಾಲ ಬೈರಿ" ಎಂದರು. ನಾನು ತಂಬಿಗೆಯನ್ನು ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದೆ. ಬೀಗರ ಮನೆಯ ಅಡುಗೆಮನೆಗೆ, ಕೇಳದೆ, ಹೇಳದೆ.

ಐಶ್ವರ್ಯ ಜೋಳದ ಚೀಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. "ಯಪ್ಪಾ, ತಲಿ ತಿರಗಾಕತ್ತೈತಿ, ಏಳಾಕ ಆಗವಲ್ದು" ಎಂದಳು. ಮೂರು ತಿಂಗಳ ಬಸುರಿ. ನಾನು ಅವಳ ತಲೆಯ ಮೇಲೆ ಕೈ ಇಡಲಿಲ್ಲ, ಗೋಡೆಯ ಹಲಗೆಯ ಮೇಲಿನ ಡಬ್ಬಿಗಳನ್ನು ತಡಕಾಡುತ್ತಿದ್ದೆ. ಆಗ ನೀವು ಒಳಗೆ ಬಂದಿರಿ. ಒಂದು ಮಾತೂ ಆಡದೆ ಎಲ್ಲ ಭಾಂಡಿಗಳನ್ನು ಕೆಳಗಿಳಿಸಿ, ಪಡಸಾಲೆಗೆ ತಂದು, ಒಂದೊಂದನ್ನೂ ಬೋರಲು ಹಾಕಿ ಸಾಲಾಗಿ ಇಟ್ಟಿರಿ. ತಳದ ಮೂರು ಚುಕ್ಕೆ ಎಲ್ಲರಿಗೂ ಕಾಣುವ ಹಾಗೆ. ಅದನ್ನು ನೋಡಿ ನನ್ನ ಮೈ ಉರಿಯಿತು. ಈ ಗುರುತು ಇವನಿಗೆ ಯಾವಾಗಿನಿಂದ ಗೊತ್ತು? ಗೊತ್ತಿದ್ದೂ ಮಾರಿದನೆಂದರೆ ಎಂಥ ಎದೆಗಾರಿಕೆ ಇವನದು?

ಪರಾತ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ನೀವು ಒಮ್ಮೆ ಒಳಗೆ ಕೂತ ಐಶ್ವರ್ಯಳ ಕಡೆ ನೋಡಿ ನೆಲ ನೋಡಿದಿರಿ. ಆಮೇಲೆ ಹೇಳಿದ್ದು ಇಷ್ಟು. "ಎಲ್ಲಾ ತಡಕಿ ನೋಡಿದ್ರಿ ಮಾವಾರ. ನಾ ಕದ್ದದ್ದು ಏನ್ ಸಿಕ್ಕೈತಿ, ಇಲ್ಲೇ ಮಂದಿ ಮುಂದ ಇಡ್ರಿ." ಇಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಸೋತವನ ಹಾಗೆ ಹೊರಡಲಿಲ್ಲ, ಕಳ್ಳನನ್ನು ಹಿಡಿದವನ ಹಾಗೆ ಎದೆಯುಬ್ಬಿಸಿ ಹೊರಟೆ. ಇವನು ತಿರುಗಿ ಬಯ್ಯಲಿಲ್ಲ, ಅಂದಮೇಲೆ ತಪ್ಪಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಏಳು ತಿಂಗಳ ಕುಬಸದ ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಕಾಶಿಬಾಯಿ ಒಬ್ಬಳೇ ನಿಮ್ಮಲ್ಲಿಗೆ ಬಂದಳು. ನನಗೆ ಬರಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನು ಅಂಗಡಿಯಲ್ಲಿ ಕೂತು, ಯಾವುದೋ ಮನೆಯ ಕಲ್ಲಿನ ಮೇಲೆ "ತಂದೆ-ತಾಯಿ ಕೃಪೆ" ಎಂದು ಕೆತ್ತುತ್ತಿದ್ದೆ. ಸಂಜೆ ತಿರುಗಿ ಬಂದ ಅವಳನ್ನು ಮಗಳು ಹೇಗಿದ್ದಾಳೆ ಎಂದು ಕೇಳಿದೆ. "ಅದಾಳ" ಎಂದಳು. ಹೆರಿಗೆಗೆ ಕರೆತರುವುದು ಯಾವಾಗ ಎಂದೆ. "ಬರಂಗಿಲ್ಲಂತ" ಎಂದು ಸೀರೆ ಬದಲಿಸಲು ಒಳಗೆ ಹೋದಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದಿಲ್ಲ ಎಂದರೆ ಅದರ ಅರ್ಥ ನಮ್ಮ ಓಣಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ನಾನು ಅದನ್ನೂ ನಿಮ್ಮ ತಲೆಗೇ ಕಟ್ಟಿದೆ.

ಇದಾದ ಒಂದು ವಾರಕ್ಕೆ ಅಂಗಡಿಗೆ ಆಮ್ರಪಾಲಿ ಎಂಬ ಹೆಂಗಸು ಬಂದರು. ಚರ್ಚಿಗೆ ಹೋಗುವವರು, ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು. ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದಾರೆ, ಕರಿಕಲ್ಲಿನಲ್ಲಿ ಮನೆಯ ಹೆಸರು ಬೇಕು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಒಂದೇ ಹೆಸರನ್ನು ಮೂರು ರೀತಿ ಬರೆದಿತ್ತು. ಮಿಜ್ಪಾ, ಮಿಸ್ಪಾ, ಮಿಚ್ಪಾ. ಮೂರು ಹೆಸರಿಟ್ಟುಕೊಂಡು ಓಡಾಡುವ ಮನುಷ್ಯನನ್ನು ಪೊಲೀಸರು ಹೇಗೆ ನೋಡುತ್ತಾರೋ ನಾನು ಆ ಚೀಟಿಯನ್ನು ಹಾಗೆ ನೋಡಿದೆ. ಇದು ಯಾವ ಭಾಷೆ ಎಂದೆ. ಹೀಬ್ರೂ ಎಂದರು, ಬಹಳ ಹಳೆಯ ಒಂದು ಊರಿನ ಹೆಸರು. ಯಾವುದು ಸರಿ ಎಂದೆ. "ಮೂರೂ ಅಂತಾರ್ರಿ, ನೀವು ಚಂದ ಕಾಣೂದು ಹಾಕ್ರಿ" ಎಂದರು. ಚಂದ ಕಾಣುವುದನ್ನು ಹಾಕಲು ನಾನು ರಂಗೋಲಿ ಬಿಡಿಸುವವನಲ್ಲ ಎಂದೆ. ಆಯಮ್ಮ ನಕ್ಕು, ಚರ್ಚಿನ ಪಾಸ್ಟರ್ ಆ ಭಾಷೆ ಓದಿದ್ದಾರೆ, ಅವರನ್ನೇ ಕಳಿಸುತ್ತೇನೆ ಎಂದು ಹೋದರು.

ಪಾಸ್ಟರು ಮರುದಿನ ಬಂದರು, ವಯಸ್ಸಿನಲ್ಲಿ ನಿಮಗಿಂತ ಸ್ವಲ್ಪ ದೊಡ್ಡವರಿರಬಹುದು. ನಾನು ಮೂರು ಸಲ ಹೇಳಿರಿ ಎಂದೆ. ಹೇಳಿದರು. ಅದು ಚ ಅಲ್ಲ, ಸ ಅಲ್ಲ. ತ ಮತ್ತು ಸ ಎರಡನ್ನೂ ಒಂದೇ ಉಸಿರಿಗೆ, ನಾಲಿಗೆಯ ತುದಿ ಹಲ್ಲಿಗೆ ಹಚ್ಚಿ ಬಿಡಬೇಕು. "ಸೊಲ್ಲಾಪುರದ ಮರಾಠಿಯವರು ಚಾಂಗ್ಲಾ ಅಂತಾರಲ್ರಿ, ಆ ಚ" ಎಂದರು. ಅಷ್ಟು ಹೇಳಿದ ಮೇಲೆ ನನ್ನ ನಾಲಿಗೆಗೆ ಹಾದಿ ಸಿಕ್ಕಿತು. ಈ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಆ ಚ ಕೇಳದ ದಿನವಿಲ್ಲ. ಮಿತ್ಸ್ಪಾ. ಕೊನೆಯ ಪಾ ಉದ್ದ, ಒತ್ತು ಅದರ ಮೇಲೆ. ಮೂರು ಸಲ ಅಂದೆ. ಸರಿ ಎಂದರು. ಮೂರು ಸಾವಿರ ವರ್ಷದ ಹಿಂದೆಯೂ ಹೀಗೇ ಅನ್ನುತ್ತಿದ್ದರೇನು ಎಂದು ಕೇಳಿದೆ. ಅವರು ತಡವರಿಸಿದರು. ಬಹಳ ಹಳೆಯ ಕಾಲದಲ್ಲಿ ಅದು ಗಂಟಲು ಬಿಗಿದು ಹೇಳುವ ಒಂದು ಬಗೆಯ ಸ ಆಗಿತ್ತು ಎಂದು ಪಂಡಿತರು ಹೇಳುತ್ತಾರಂತೆ. ಕೇಳಿದವರು ಯಾರೂ ಉಳಿದಿಲ್ಲ. ಕೇಳಿದವರಿಲ್ಲದೆ ಪಂಡಿತರಿಗೆ ಹೇಗೆ ತಿಳಿಯಿತು ಎಂದೆ. "ನೀವು ಚರ್ಚಿಗೆ ಬರೂದಿಲ್ಲ, ಅದ ಚಲೋ" ಎಂದು ಪಾಸ್ಟರು ಚಹಾ ಕುಡಿದರು.

ಅರ್ಥ ಕೇಳಿದೆ. ಕಾವಲು ಕಾಯುವ ಎತ್ತರದ ಜಾಗ, ಅಲ್ಲಿ ನಿಂತು ದೂರ ನೋಡುವುದು ಎಂದರು. ನಮ್ಮ ಉಪ್ಪಲಿ ಬುರುಜಿನ ಹಾಗೇನು ಎಂದೆ. ಹಾಗೇ ಎಂದರು. ಮನೆಗೆ ಬುರುಜು ಎಂದು ಯಾರು ಹೆಸರಿಡುತ್ತಾರೆ ಎಂದು ನನಗೆ ಮತ್ತೆ ಸಂಶಯ. ಬರೀ ಅರ್ಥದಿಂದ ಅದು ತಿಳಿಯುವುದಿಲ್ಲ, ಆ ಜಾಗಕ್ಕೆ ಆ ಹೆಸರು ಬಂದ ಕಥೆ ಕೇಳಬೇಕು ಎಂದು ಪಾಸ್ಟರು ಹೇಳತೊಡಗಿದರು. ನಾನು ಕಲ್ಲಿಗೆ ಗೆರೆ ಹಾಕುತ್ತ ಕೇಳುತ್ತಿದ್ದೆ.

ಆ ಹೀಬ್ರೂ ಜನರ ಪೂರ್ವಿಕರಲ್ಲಿ ಒಬ್ಬ ಮಾವ, ಒಬ್ಬ ಅಳಿಯ. ಕುರಿ ಕಾಯುವ ಜನ. ಇಪ್ಪತ್ತು ವರ್ಷ ಒಂದೇ ಕಡೆ ಇದ್ದರೂ ಒಬ್ಬರನ್ನೊಬ್ಬರು ನಂಬಿದವರಲ್ಲ. ಒಂದು ದಿನ ಅಳಿಯ ಹೇಳದೆ ಕೇಳದೆ ಹೆಂಡಿರು ಮಕ್ಕಳನ್ನು ಕರೆದುಕೊಂಡು, ಕುರಿಗಳನ್ನು ಹೊಡೆದುಕೊಂಡು ತನ್ನೂರಿಗೆ ಹೊರಟ. ಅದೇ ಹೊತ್ತಿಗೆ ಮಾವನ ಮನೆಯ ದೇವರ ಮೂರ್ತಿಗಳು ಕಾಣೆಯಾದವು. ಮಾವ ಬೆನ್ನು ಹತ್ತಿ ಹೋಗಿ ಒಂದು ಗುಡ್ಡದ ಹತ್ತಿರ ಹಿಡಿದ. ನನ್ನ ಸಾಮಾನು ಕದ್ದಿದ್ದೀ ಎಂದು ಎಲ್ಲ ಗುಡಾರಗಳನ್ನೂ ಹೊಕ್ಕು ತಡಕಿದ. ಅಳಿಯನ ಹೆಂಡತಿ, ಮಾವನ ಕಿರಿಯ ಮಗಳು, ಒಂಟೆಯ ಜೀನಿನ ಮೇಲೆ ಕೂತಿದ್ದಳು. ಅಪ್ಪಾ, ನನಗೆ ಏಳಲು ಆಗುವುದಿಲ್ಲ ಎಂದಳು. ಅವನು ಅವಳನ್ನು ಬಿಟ್ಟು ಉಳಿದದ್ದೆಲ್ಲ ತಡಕಿದ. ಏನೂ ಸಿಗಲಿಲ್ಲ. ಆಗ ಅಳಿಯ ಕೇಳಿದ, ನನ್ನದೆಲ್ಲವನ್ನೂ ಮುಟ್ಟಿ ನೋಡಿದಿರಲ್ಲ, ನಿಮ್ಮದು ಏನು ಸಿಕ್ಕಿತು, ಎಲ್ಲರ ಮುಂದೆ ಇಲ್ಲೇ ಇಡಿರಿ ಎಂದು.

ನನ್ನ ಕೈಯಲ್ಲಿದ್ದ ಸೀಸದ ಕಡ್ಡಿ ನಿಂತಿತು. ಈ ಮನುಷ್ಯನಿಗೆ ನನ್ನ ಮನೆಯ ಸುದ್ದಿ ಯಾರು ಹೇಳಿದರು? ಕಾಶಿಬಾಯಿ ಹೇಳಿ ಕಳಿಸಿದ್ದಾಳೆಯೇ? ನೀವೇ ಕಳಿಸಿದ್ದೀರಾ? ಆಣೆ ಮಾಡಿ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಈ ಯೋಚನೆಯೇ. ಇದು ನಿಮ್ಮ ಗ್ರಂಥದಲ್ಲಿ ನಿಜವಾಗಿಯೂ ಇದೆಯೇ ಎಂದು ಕೇಳಿದೆ. ಪಾಸ್ಟರು ಚೀಲದಿಂದ ತೆಗೆದು ತೋರಿಸಿದರು. ಪುಸ್ತಕ ಹಳೆಯದು, ಹಾಳೆ ಹೊಸದಾಗಿ ಅಂಟಿಸಿದ್ದಲ್ಲ. ಅದನ್ನೂ ನೋಡಿದೆ.

ದೇವರ ಮೂರ್ತಿಗಳು ಎಲ್ಲಿದ್ದವು ಎಂದೆ. "ಮಗಳು ಕೂತಿದ್ದಳಲ್ರಿ, ಅದರ ಕೆಳಗ" ಎಂದರು. ತೆಗೆದುಕೊಂಡವಳು ಅವಳೇ. ಗಂಡನಿಗೆ ಅದು ಗೊತ್ತೂ ಇರಲಿಲ್ಲ. ಕೊನೆಗೆ ಮಾವ ಅಳಿಯ ಇಬ್ಬರೂ ಕಲ್ಲು ತಂದು ಒಟ್ಟಿ ಗುಡ್ಡೆ ಮಾಡಿದರಂತೆ. ಆ ಗುಡ್ಡೆಯ ಹತ್ತಿರವೇ ಕೂತು ಊಟ ಮಾಡಿದರಂತೆ. ನಾವು ಒಬ್ಬರಿಗೊಬ್ಬರು ಕಾಣದೆ ಇರುವಾಗ ದೇವರು ನಮ್ಮಿಬ್ಬರನ್ನೂ ಕಾಯುತ್ತಿರಲಿ, ನನ್ನ ಮಕ್ಕಳಿಗೆ ನೀನು ದುಃಖ ಕೊಟ್ಟರೆ ನೋಡಲು ನಾನಿರುವುದಿಲ್ಲ, ಅವನು ನೋಡುತ್ತಾನೆ ಎಂದು ಮಾವ ಹೇಳಿದ. ಕೇಡು ಮಾಡಲು ಈ ಕಲ್ಲು ದಾಟಿ ನಾನು ಆ ಕಡೆ ಬರುವುದಿಲ್ಲ, ನೀನು ಈ ಕಡೆ ಬರಬೇಡ ಎಂದೂ ಅಂದ. ಆ ಜಾಗ ಮಿತ್ಸ್ಪಾ. ಬೆಳಗಾದ ಮೇಲೆ ಮಾವ ಹೆಣ್ಣುಮಕ್ಕಳಿಗೆ, ಮೊಮ್ಮಕ್ಕಳಿಗೆ ಮುತ್ತು ಕೊಟ್ಟು, ಆಶೀರ್ವಾದ ಮಾಡಿ ತನ್ನ ಊರಿಗೆ ತಿರುಗಿ ಹೋದ. ಈಗಿನ ಜನ ಇದನ್ನು ಪ್ರೀತಿಯ ಮಾತು ಎಂದು ತಿಳಿದು ಉಂಗುರದ ಮೇಲೆ ಬರೆಸಿಕೊಳ್ಳುತ್ತಾರೆ, ನಿಜ ಹೇಳಬೇಕೆಂದರೆ ಅದು ನಂಬಿಕೆ ಇಲ್ಲದವರ ಮಾತು ಎಂದು ಪಾಸ್ಟರು ಎದ್ದರು.

ನಾನು ಮೂರು ದಿನ ಆ ಕಲ್ಲು ಮುಟ್ಟಲಿಲ್ಲ. ಆಮ್ರಪಾಲಿ ಬಂದಾಗ, ನೋಡಿರಮ್ಮ, ಇದು ಸಂಶಯದ ಹೆಸರು, ಮನೆಗೆ ಬೇಡ ಎಂದೆ. ಆಯಮ್ಮ ಸ್ಟೂಲ್ ಎಳೆದುಕೊಂಡು ಕೂತರು. "ಗೊತ್ತೈತ್ರಿ ನಂಗ. ನಮ್ಮ ಮನಿಯವರು ಲಾರಿ ಹೊಡೀತಿದ್ರು. ಮೂವತ್ತು ವರ್ಷ ನಾ ಅವರ ಕಿಸೆ ತಡಕೇನಿ, ಅವರು ನನ್ನ ಡ್ಯೂಟಿ ಹೊತ್ತು ದವಾಖಾನಿಗೆ ಫೋನ್ ಹಚ್ಚಿ ಕೇಳ್ಯಾರ. ಸಂಶಯ ಹೋಗಲಿಲ್ರಿ. ಆದ್ರ ಒಂದ ದಿನಾನೂ ಒಬ್ಬರನ್ನ ಬಿಟ್ಟು ಒಬ್ಬರು ಉಣ್ಣಲಿಲ್ಲ. ಆ ಇಬ್ರೂ ಕಲ್ಲಿನ ಹತ್ರ ಕೂತು ಉಂಡ್ರಲ್ಲ, ಅದರ ಸಲುವಾಗಿ ನಂಗ ಈ ಹೆಸರು ಬೇಕು." ಇಷ್ಟು ಹೇಳಿ, ಅವರು ತೀರಿಕೊಂಡು ನಾಲ್ಕು ವರ್ಷವಾಯಿತು ಎಂದು ಕಣ್ಣು ಒರೆಸಿಕೊಂಡರು.

ಆ ಮಧ್ಯಾಹ್ನ ಊಟಕ್ಕೆ ಹೋದಾಗ ಕಾಶಿಬಾಯಿ ತಾಟು ಇಟ್ಟು ಹೊರಟಳು. ನಿಲ್ಲು ಎಂದೆ. ಪರಾತ ಎಲ್ಲಿ ಹೋಯಿತು, ನಿನಗೆ ಗೊತ್ತೇ ಎಂದು ಕೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕುಬಸದ ದಿನವೇ ಐಶ್ವರ್ಯ ಎಲ್ಲ ಹೇಳಿದ್ದಳಂತೆ. ಮತ್ತೆ ನನಗೇಕೆ ಹೇಳಲಿಲ್ಲ ಎಂದೆ. "ನೀವು ಕೇಳಲಿಲ್ಲ. ತಡಕಿದ್ರಿ. ಕೇಳಲಿಲ್ಲ."

ಅವಳು ಹೇಳಿದ್ದನ್ನು ನಿಮಗೆ ತಿರುಗಿ ಹೇಳುವ ಅಗತ್ಯವಿಲ್ಲ, ಎಲ್ಲ ನಿಮ್ಮ ಮನೆಯಲ್ಲೇ ಆದದ್ದು. ಆದರೂ ನನ್ನ ಕೈಯಿಂದ ಬರೆಯಬೇಕು. ಬಾಯಲ್ಲಿ ಮೂರು ಸಲ ಹೇಳಿಕೊಂಡ ಮೇಲೆಯೇ ಬರೆಯುತ್ತಿದ್ದೇನೆ. ಹೋದ ವರ್ಷ ಪಂಚಮಿಗೆ ನನ್ನ ಮಗಳಿಗೆ ಬಂದದ್ದು ಜ್ವರವಲ್ಲ. ಎರಡೂವರೆ ತಿಂಗಳ ಬಸಿರು ಇಳಿದುಹೋಗಿತ್ತು. ನಿಮ್ಮ ಶೆಡ್ಡಿಗೆ ದ್ರಾಕ್ಷಿ ಆರಿಸಲು ಬರುವ ಹೊಳೆವ್ವ, ಕುರಿಯವರ ಮನೆಯ ಹೆಣ್ಣುಮಗಳು, ಒಂಬತ್ತು ದಿನ ತನ್ನ ಮನೆ ಬಿಟ್ಟು ಐಶ್ವರ್ಯಳ ಪಕ್ಕದಲ್ಲಿ ಇದ್ದಳು. ಮೈಗೆ ನೀರು ಎರೆದಳು, ಕಾಲು ಒತ್ತಿದಳು, ಆ ಪರಾತದಲ್ಲಿ ಹಿಟ್ಟು ನಾದಿ ಬಿಸಿ ರೊಟ್ಟಿ ಮಾಡಿ ತಿನ್ನಿಸಿದಳು. ತಾಯಿಯನ್ನು ಕರೆಸುತ್ತೇನೆ ಎಂದು ನೀವು ಅಂದಾಗ ಐಶ್ವರ್ಯ ಬೇಡ ಎಂದಳಂತೆ. "ಅವ್ವಗ ಗೊತ್ತಾದ್ರ ಅಪ್ಪಗ ಗೊತ್ತಾಕ್ಕೈತಿ. ಅಪ್ಪ ಬಂದು ಇದು ಯಾರ ತಪ್ಪು ಅಂತ ಹುಡುಕ್ತಾನ. ನನ್ನ ಕೂಡ ಅಳಂಗಿಲ್ಲ." ಹೀಗಂದಳಂತೆ ನನ್ನ ಮಗಳು.

ಈ ವರ್ಷ ಹೊಳೆವ್ವನ ಮಗಳು ಗೀತಾಂಜಲಿಯನ್ನು ಬಬಲೇಶ್ವರಕ್ಕೆ ಕೊಟ್ಟರು. ಹೊಳೆವ್ವ ರೊಕ್ಕ ಬೇಡ, ಸೀರೆ ಬೇಡ ಎಂದಳು. ಐಶ್ವರ್ಯ ಆ ಪರಾತವನ್ನೇ ಕೊಟ್ಟಳು. ಬೇರೆಯವರ ಹೆಸರಿನ ಭಾಂಡಿಯನ್ನು ಮದುಮಗಳಿಗೆ ಕೊಡಬಾರದು ಎಂದು ನನ್ನ ಹೆಸರನ್ನು ಉಜ್ಜಿಸಿ ಗೀತಾಂಜಲಿಯ ಹೆಸರು ಹೊಡೆಸಿದಳು. ಅಪ್ಪನಿಗೆ ಹೇಳಬೇಡಿ, ಹೇಳಿದರೆ ಯಾಕೆ ಕೊಟ್ಟೆ ಎಂಬಲ್ಲಿಗೆ ಬರುತ್ತದೆ ಎಂದು ನಿಮ್ಮಿಂದ ಮಾತು ತೆಗೆದುಕೊಂಡಳು. ನೀವು ಮಾತು ಕೊಟ್ಟಿರಿ. ನಿಮ್ಮ ಅಂಗಳದಲ್ಲಿ, ನಿಮ್ಮ ತಂದೆಯ ಎದುರು, ನಿಮ್ಮ ಆಳುಗಳ ಎದುರು ನಾನು ನಿಮ್ಮನ್ನು ಕಳ್ಳನನ್ನಾಗಿ ಮಾಡಿದಾಗಲೂ ಒಮ್ಮೆ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡಿರಿ. ಆ ಹಳೆಯ ಕಥೆಯ ಅಳಿಯನಿಗೆ ವಿಷಯ ಗೊತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ. ನಿಮಗೆ ಎಲ್ಲ ಗೊತ್ತಿತ್ತು.

ಚಮಚದ ತಳದವರೆಗೆ ಕಾವಲು ಹಾಕಿದವನು ನಾನು. ನನ್ನ ಮಗಳ ಹೊಟ್ಟೆಯ ಕೂಸು ಹೋಯಿತು, ನನಗೆ ಕಾಣಲಿಲ್ಲ. ಒಂದು ಪರಾತ ಹೋಯಿತು, ಊಟಕ್ಕೆ ಕೂತಲ್ಲೇ ಕಂಡಿತು. ಕಾಶಿಬಾಯಿ ಹೇಳಿ ಮುಗಿಸಿದ ಮೇಲೆ ನಾನು ತಾಟಿನ ಮುಂದೆ ಕೂತು ಅತ್ತುಬಿಟ್ಟೆ, ಅರುಣಕುಮಾರ ಅವರೇ. ಒಂದು ವರ್ಷ ತಡವಾಗಿ ಅತ್ತೆ. ಐಶ್ವರ್ಯಳಿಗೆ ಇದನ್ನು ಹೇಳಿರಿ. ಯಾರ ತಪ್ಪು ಎಂದು ನಾನು ಕೇಳಲಿಲ್ಲ ಎಂದೂ ಹೇಳಿರಿ.

ಆಮ್ರಪಾಲಿಯವರ ಕಲ್ಲು ನಿನ್ನೆ ಮುಗಿಯಿತು. ಮಿತ್ಸ್ಪಾ ಎಂದೇ ಕೆತ್ತಿದ್ದೇನೆ. ತ್ಸ ಮತ್ತು ಪ ಒಂದರ ಕೆಳಗೊಂದು ಬರುವಲ್ಲಿ ಉಳಿ ಬಹಳ ಕಾಡಿತು. ಮೂವತ್ತೆರಡು ವರ್ಷದಲ್ಲಿ ಅಷ್ಟು ನಿಧಾನವಾಗಿ ಯಾವ ಹೆಸರನ್ನೂ ಕೆತ್ತಿಲ್ಲ, ಯಾವ ಹೆಸರಿನ ಅರ್ಥವೂ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಈಗ ಕೇಳುವ ಮಾತು. ಬರುವ ಸೀಗಿ ಹುಣ್ಣಿಮೆಗೆ ತೊರವಿಯಲ್ಲಿ ಸಂಗನಬಸವ ತನ್ನ ಹೊಲದಲ್ಲಿ ಚರಗದ ಎಡೆ ಚೆಲ್ಲುತ್ತಾನೆ. ಭೂಮಿತಾಯಿ ಬಸುರಿ ಎಂದು ಉಣ್ಣಿಸುವ ದಿನ, ಬಸುರಿ ಹೆಣ್ಣುಮಗಳು ಬಂದರೆ ಅವನಿಗೂ ಸಂತೋಷ. ತೊರವಿ ನಿಮ್ಮ ಊರಲ್ಲ, ನನ್ನ ಊರೂ ಅಲ್ಲ. ನೀವು, ಐಶ್ವರ್ಯ, ನಿಮ್ಮ ತಂದೆ ಬನ್ನಿ, ಹೊಳೆವ್ವನನ್ನೂ ಕರೆದುಕೊಂಡು ಬನ್ನಿ. ಕಾಶಿಬಾಯಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡಬು ಮಾಡಿಕೊಂಡು ಬರುತ್ತಾಳೆ. ಬದುವಿನ ಕಲ್ಲುಗಳ ಹತ್ತಿರ ಕೂತು ಎಲ್ಲರೂ ಕೂಡಿ ಉಣ್ಣೋಣ. ನಿಮ್ಮ ತಂದೆ ಕೊಟ್ಟ ನೀರನ್ನು ನಾನು ಅಂದು ಕುಡಿಯಲಿಲ್ಲ. ಆ ದಿನ ಅವರ ಕೈಯಿಂದ ಕೇಳಿ ಕುಡಿಯುತ್ತೇನೆ. ಹೆರಿಗೆಗೆ ಐಶ್ವರ್ಯ ನಮ್ಮ ಮನೆಗೆ ಬರಬೇಕೋ ಬೇಡವೋ ಎಂಬುದನ್ನು ನಾನು ಕೇಳುವುದಿಲ್ಲ, ಅವಳು ಹೇಳಿದ ಹಾಗೆ ಆಗಲಿ. ನೀವಿಬ್ಬರೂ ಬಾ ಎನ್ನುವವರೆಗೆ ನಾನು ತೊರವಿ ದಾಟಿ ತಿಕೋಟಾದ ಕಡೆ ಬರುವುದಿಲ್ಲ. ಬಾ ಎಂದ ದಿನ ಹೊಸ್ತಿಲ ಹೊರಗೆ ನಿಂತು ಕರೆಯುತ್ತೇನೆ.

ನಾನು ಪೂರ್ತಿ ಬದಲಾದೆ ಎಂದು ಬರೆಯಲಾರೆ. ಈ ಕಾಗದ ಓದಿ ನೀವಿಬ್ಬರೂ ನಗುತ್ತೀರೇನೋ ಎಂಬ ಸಂಶಯ ಈಗಲೂ ಇದೆ. ಇರಲಿ. ನಕ್ಕರೆ ಇಬ್ಬರೂ ಕೂಡಿ ನಗಿರಿ.

ಚೀಲದಲ್ಲಿ ಒಂದು ಹೊಸ ಪರಾತ ಇದೆ. ಅದರ ಮೇಲೆ ಯಾರ ಹೆಸರೂ ಇಲ್ಲ. ತಳದಲ್ಲಿ ಚುಕ್ಕೆ ಇಲ್ಲ. ನೀವು ಒಳ್ಳೆಯವರು, ಹಾಗೇ ನಂಬಿ ಒಳಗಿಡುತ್ತೀರಿ. ಬೇಡ. ಬೆಳಕಿಗೆ ಹಿಡಿದು, ತಿರುವಿ, ತಳ ನೋಡಿ ಒಳಗೆ ತೆಗೆದುಕೊಳ್ಳಿ. ಈ ಸಲ ನೋಡುವ ಹಕ್ಕು ನಿಮ್ಮದು.

ನನ್ನ ಮಗಳ ಹೊಟ್ಟೆ ತಣ್ಣಗಿರಲಿ, ನಿಮ್ಮ ಮನೆಯ ಒಲೆ ಎಂದೂ ಆರದಿರಲಿ, ನಾನು ಕಾಣದ ಕಡೆ ನೀವಿಬ್ಬರೂ ಸುಖವಾಗಿರಿ.

ನಿಮ್ಮ ಬರವಿಗಾಗಿ ತೊರವಿಯಲ್ಲಿ ಕಾಯುವ,
ಶಿವಯೋಗೆಪ್ಪ